ಗಿಟಾರ್ ಕೇಳಿಸುವಷ್ಟು ಮೆಲ್ಲಗೆ: ಸ್ವಿಂಗ್ ಬ್ಯಾಂಡಿನ ಮೊದಲ ಆಲ್ಬಮ್‌ಗೆ ತಯಾರಿ

ಪ್ರಶ್ನೆ: ನಾನು ಹಾಸನದ ಕಡೆಯವನು. ಹನ್ನೊಂದು ವರ್ಷದಿಂದ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಇದ್ದೇನೆ. ಆಫೀಸ್ ಕೆಲಸದ ಜೊತೆಗೆ ಆರು ಜನರ ಸ್ವಿಂಗ್ (1930ರ ದಶಕದ, ಕುಣಿಸುವ ಜಾಝ್) ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೇನೆ. ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್, ಆಮೇಲೆ ನನ್ನ ಗಿಟಾರ್. ಕೆಲವು ಹಾಡುಗಳನ್ನು ಪಿಯಾನೊದವರೇ ಹಾಡುತ್ತಾರೆ. ಶನಿವಾರ ಡ್ಯಾನ್ಸ್ ಮಾಡುವವರಿಗಾಗಿ ನುಡಿಸುತ್ತೇವೆ. ಈಗ ಮೊದಲ ಆಲ್ಬಮ್ ಮಾಡುವ ಆಸೆ. ಮೂರು ತಿಂಗಳು ಟೈಮ್ ಇದೆ. ಸ್ಟುಡಿಯೊ ಎರಡು ದಿನಕ್ಕೆ ಬುಕ್ ಆಗಿದೆ. ಹಿಂದೆ ಒಂದು ಡೆಮೊ ಮಾಡಿಸಿದ್ದೆವು. ಒಬ್ಬೊಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ, ಹೆಡ್‌ಫೋನಿನಲ್ಲಿ ಕ್ಲಿಕ್ (ವೇಗ ಹಿಡಿದಿಡುವ ಟಿಕ್ ಟಿಕ್ ಸದ್ದು) ಕೊಟ್ಟು ರೆಕಾರ್ಡ್ ಮಾಡಿದರು. ಎಲ್ಲ ಸ್ವಚ್ಛವಾಗಿ ಬಂತು, ಆದರೆ ಜೀವ ಇರಲಿಲ್ಲ. ಡ್ಯಾನ್ಸ್ ಮಾಡುವ ಗೆಳತಿಯೊಬ್ಬರು ಕೇಳಿ 'ಇದಕ್ಕೆ ಕಾಲೇ ಏಳೋದಿಲ್ಲ' ಅಂದರು. ಈ ಸಲ ಹೇಗೆ ತಯಾರಾಗಬೇಕು?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಕಾಲು ಏಳಲಿಲ್ಲ ಅಂದರೆ ಎಲ್ಲೋ ಬೀಟ್ ಒಡೆದಿದೆ. ನಿಮ್ಮಲ್ಲಿ ಯಾರೂ ತಪ್ಪು ನುಡಿಸಿರಲಿಕ್ಕಿಲ್ಲ. ಆದರೆ ಸ್ವಿಂಗ್‌ನಲ್ಲಿ ಬೀಟ್ ಒಬ್ಬರ ಕೈಯಲ್ಲಿ ಇರುವುದಿಲ್ಲ. ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್ ನಾಲ್ವರೂ ಸೇರಿ ಒಂದು ಬೀಟ್ ಮಾಡುತ್ತಾರೆ. ನಾಲ್ವರನ್ನೂ ನಾಲ್ಕು ಕಡೆ ಕೂರಿಸಿದರೆ ನಾಲ್ಕು ಬೀಟ್ ಸಿಗುತ್ತವೆ. ಕ್ಲಿಕ್ ಅವುಗಳನ್ನು ಒಂದರ ಪಕ್ಕ ಒಂದು ಜೋಡಿಸಿಡಬಹುದು, ಅಷ್ಟೇ.

ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಒಂದೇ ಕೋಣೆಯಲ್ಲಿ, ಹೆಡ್‌ಫೋನ್ ಇಲ್ಲದೆ, ಕ್ಲಿಕ್ ಇಲ್ಲದೆ ನುಡಿಸಿ. ಅದಕ್ಕಾಗಿ ಈ ಮೂರು ತಿಂಗಳಲ್ಲಿ ಮುಖ್ಯವಾಗಿ ಒಂದೇ ವಿಷಯ ಅಭ್ಯಾಸ ಮಾಡಿ: ನಿಮ್ಮ ಗಿಟಾರ್ ಆಂಪ್ಲಿಫೈಯರ್ ಇಲ್ಲದೆ ಇಡೀ ಬ್ಯಾಂಡಿಗೆ ಕೇಳಿಸಬೇಕು, ಅಷ್ಟು ಮೆಲ್ಲಗೆ ಆರೂ ಜನ ನುಡಿಸಬೇಕು. ಕೇಳೋಕೆ ಸುಲಭ ಅನ್ನಿಸುತ್ತದೆ. ಮಾಡೋಕೆ ಮೂರು ತಿಂಗಳು ಬೇಕೇ ಬೇಕು.

ನೀವು ಇರುವ ಊರಿನ ಬ್ಯಾಂಡಿನಿಂದಲೇ ಶುರು ಮಾಡೋಣ. ಪಿಯಾನೊ ನುಡಿಸುತ್ತಾ ಬ್ಯಾಂಡ್ ನಡೆಸುತ್ತಿದ್ದ ಕೌಂಟ್ ಬೇಸಿ ಕನ್ಸಾಸ್ ಸಿಟಿಯ ರೀನೊ ಕ್ಲಬ್‌ನಲ್ಲಿ ನುಡಿಸುತ್ತಿದ್ದಾಗಲೇ ಅವರ ಬೀಟ್ ಬೇರೆಯವರಿಗಿಂತ ಹಗುರವಾಗಿತ್ತು. 1937ರಲ್ಲಿ ಫ್ರೆಡಿ ಗ್ರೀನ್ ಗಿಟಾರ್ ಹಿಡಿದು ಸೇರಿಕೊಂಡ ಮೇಲೆ ಆ ನಾಲ್ವರು ಪೂರ್ತಿಯಾದರು: ಪಿಯಾನೊ ಬೇಸಿ, ಗಿಟಾರ್ ಗ್ರೀನ್, ಬಾಸ್ ವಾಲ್ಟರ್ ಪೇಜ್, ಡ್ರಮ್ಸ್ ಜೋ ಜೋನ್ಸ್. ಗ್ರೀನ್ 1987ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಐವತ್ತು ವರ್ಷ, ಅದೇ ಬ್ಯಾಂಡಿನಲ್ಲಿ ಇದ್ದರು. ಸೋಲೊ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಒಂದು ಬಾರ್‌ಗೆ, ಅಂದರೆ ನಾಲ್ಕು ಬೀಟಿನ ಒಂದು ಸುತ್ತಿಗೆ, ನಾಲ್ಕು ಸಣ್ಣ ಹೊಡೆತ, ಆಂಪ್ಲಿಫೈಯರ್ ಇಲ್ಲದೆ. ಅವರ ರೆಕಾರ್ಡ್ ಹಾಕಿ ಗಿಟಾರ್ ಎಲ್ಲಿದೆ ಅಂತ ಹುಡುಕಿದರೆ ಒಮ್ಮೊಮ್ಮೆ ಸಿಗುವುದೇ ಇಲ್ಲ. ಕಚೇರಿಯಲ್ಲಿ ತಂಬೂರಿ ಇರುವ ಹಾಗೆ. ತಂಬೂರಿಯನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಆ ಗಿಟಾರ್ ಕೇಳಿಸಬೇಕು ಅಂತ ಜೋ ಜೋನ್ಸ್ ಮೆಲ್ಲಗೆ ನುಡಿಸಿದರು, ಪೇಜ್ ಅದರ ಜೊತೆಗೆ ನಡೆದರು, ಬೇಸಿ ತಮ್ಮ ಎಡಗೈಯನ್ನು ಹೆಚ್ಚುಕಮ್ಮಿ ಎತ್ತೇ ಬಿಟ್ಟರು. ಅಂದರೆ ಗ್ರೀನ್ ಅವರ ಗಿಟಾರ್ ಇಡೀ ಬ್ಯಾಂಡಿನ ಸದ್ದಿಗೆ ಅಳತೆಗೋಲಾಗಿತ್ತು.

ಇನ್ನೂ ಒಂದು ರೆಕಾರ್ಡಿಂಗ್ ನಿಮ್ಮ ಆರೂ ಜನ ಕೂತು ಕೇಳಬೇಕು. 1936ರ ನವೆಂಬರ್ 9ರಂದು ಶಿಕಾಗೊದಲ್ಲಿ ಬೇಸಿಯವರ ಬ್ಯಾಂಡಿನ ಐದು ಜನ ಒಂದು ಸಣ್ಣ ಸ್ಟುಡಿಯೊಗೆ ಹೋದರು. ಟ್ರಂಪೆಟ್ ಕಾರ್ಲ್ ಸ್ಮಿತ್, ಟೆನರ್ ಲೆಸ್ಟರ್ ಯಂಗ್, ಆಮೇಲೆ ಬೇಸಿ, ಪೇಜ್, ಜೋನ್ಸ್. ಎರಡು ಹಾಡಿಗೆ ಜಿಮ್ಮಿ ರಶಿಂಗ್ ಕಂಠ. ನಿಮ್ಮ ಬ್ಯಾಂಡೇ ಅದು, ಗಿಟಾರ್ ಒಂದು ಇಲ್ಲ. ಬೇಸಿ ಆಗಲೇ ಬೇರೆ ಕಂಪನಿಗೆ ಸಹಿ ಹಾಕಿದ್ದರಿಂದ ಅವರ ಹೆಸರು ಹಾಕುವಂತಿರಲಿಲ್ಲ. 'ಜೋನ್ಸ್-ಸ್ಮಿತ್ ಇನ್‌ಕಾರ್ಪೊರೇಟೆಡ್' ಅಂತ ಹೆಸರಿಟ್ಟರು. ಜೋನ್ಸ್ ಕಾಲಿನಿಂದ ನುಡಿಸುವ ದೊಡ್ಡ ಬಾಸ್ ಡ್ರಮ್ ಬಳಸಲೇ ಇಲ್ಲ. ಸ್ನೇರ್ ಎಂಬ ಸಣ್ಣ ಡ್ರಮ್, ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ (ಲೋಹದ ತಟ್ಟೆ), ಅಷ್ಟರಲ್ಲೇ ಕೆಲಸ ಮುಗಿಸಿದರು. ಅವತ್ತು ನಾಲ್ಕು ಹಾಡು ಆದವು. ಲೆಸ್ಟರ್ ಯಂಗ್ ಅವರಿಗೆ ಆಗ 27 ವರ್ಷ. ಜೀವನದಲ್ಲಿ ಮೊದಲ ಸಲ ರೆಕಾರ್ಡಿಂಗ್ ಮೈಕಿನ ಮುಂದೆ ನಿಂತಿದ್ದರು. 'ಓ ಲೇಡಿ ಬಿ ಗುಡ್' ಹಾಡಿನಲ್ಲಿ ಅವರು ನುಡಿಸಿದ ಎರಡು ಕೋರಸ್‌ಗಳನ್ನು (ಇಡೀ ಹಾಡಿನ ಒಂದು ಸುತ್ತು ಒಂದು ಕೋರಸ್), ಅಂದರೆ 64 ಬಾರ್‌ಗಳನ್ನು, ಇವತ್ತಿಗೂ ಟೆನರ್ ಕಲಿಯುವವರು ಬಾಯಿಪಾಠ ಮಾಡುತ್ತಾರೆ. ಆ ಸೋಲೊದ ಹಿಂದೆ ಏನು ನಡೆಯುತ್ತಿದೆ ಅಂತ ಕೇಳಿ. ಯಾರೂ ಜೋರು ಮಾಡುತ್ತಿಲ್ಲ. ಹೈ-ಹ್ಯಾಟ್ ಉಸಿರಾಡುತ್ತಿದೆ. ಬಾಸ್ ಮೂರು ಹೆಜ್ಜೆ ಮುಂದೆ ಇದ್ದ ಹಾಗೆ ಅನ್ನಿಸುತ್ತದೆ, ಆದರೆ ಓಡುತ್ತಿಲ್ಲ.

ಈಗ ನಿಮ್ಮ ಡೆಮೊದಲ್ಲಿ ಏನಾಯಿತು ನೋಡೋಣ. ಸ್ವಿಂಗ್‌ನಲ್ಲಿ ಒಂದು ಬೀಟನ್ನು ಎರಡು ಭಾಗ ಮಾಡಿದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಪಾಠದ ಪುಸ್ತಕಗಳಲ್ಲಿ ಇದನ್ನು ನಮ್ಮ ತಿಶ್ರ ನಡೆಯ ಹಾಗೆ ಎರಡಕ್ಕೆ ಒಂದು ಅಂತ ಬರೆದಿರುತ್ತಾರೆ. ನಿಜವಾಗಿ ಹಾಗಿಲ್ಲ. ಸ್ವೀಡನ್‌ನ ಸಂಶೋಧಕರು ಹೆಸರಾಂತ ಡ್ರಮ್ಮರ್‌ಗಳ ಸಿಂಬಲ್ ಹೊಡೆತಗಳನ್ನು ಅಳೆದು ನೋಡಿದ್ದಾರೆ. ನಿಧಾನದ ಹಾಡಿನಲ್ಲಿ ಆ ಅನುಪಾತ ಮೂರೂವರೆಗೆ ಒಂದರವರೆಗೂ ಹೋಗುತ್ತದೆ. ತುಂಬಾ ವೇಗದಲ್ಲಿ ಎರಡೂ ಭಾಗ ಹೆಚ್ಚುಕಮ್ಮಿ ಸಮ ಆಗುತ್ತವೆ. ಅಂದರೆ ಪ್ರತಿ ಟೆಂಪೊಗೂ (ವೇಗಕ್ಕೂ) ಬೇರೆ ಸ್ವಿಂಗ್. ಅದನ್ನು ಡ್ರಮ್ಮರ್ ಮತ್ತು ಬಾಸ್ ನುಡಿಸುವವರು ಆ ಕ್ಷಣದಲ್ಲಿ ಪರಸ್ಪರ ಕೇಳಿಸಿಕೊಂಡು, ಕೈ ನೋಡಿಕೊಂಡು ಒಪ್ಪಂದಕ್ಕೆ ಬರುತ್ತಾರೆ. ಕ್ಲಿಕ್ ಬೀಟಿನ ತಲೆ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಆ ಗಿಡ್ಡ ಭಾಗ ಎಲ್ಲಿ ಬೀಳಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ.

ಹೆಡ್‌ಫೋನಿನ ತೊಂದರೆ ಇನ್ನೂ ಜಾಸ್ತಿ. ಅದರಲ್ಲಿ ಎಲ್ಲರೂ ಸಮ ಜೋರಾಗಿ ಕೇಳಿಸುತ್ತಾರೆ. ಗಿಟಾರ್ ಕೇಳಿಸುತ್ತಿಲ್ಲ ಅಂದರೆ ಡ್ರಮ್ಮರ್ ಕೈ ತಗ್ಗಿಸುವುದಿಲ್ಲ, ಗುಂಡಿ ತಿರುಗಿಸುತ್ತಾರೆ. ಮೆಲ್ಲಗೆ ನುಡಿಸಲು ಕಾರಣವೇ ಉಳಿಯುವುದಿಲ್ಲ. ಬಾಸಿನ ಸದ್ದು ನೆಲದ ಮೂಲಕ ಕಾಲಿಗೆ ಬರುತ್ತದಲ್ಲ, ಅದೂ ಇಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ವರ್ಷಗಳ ಹಿಂದೆ ಐದು ಜನರ ಬ್ಯಾಂಡೊಂದನ್ನು ರೆಕಾರ್ಡ್ ಮಾಡಿದೆ. ಡ್ರಮ್ಮರನ್ನು ಗಾಜಿನ ಗೂಡಿನೊಳಗೆ ಹಾಕಿದೆ. ಬಾಸ್ ನುಡಿಸುವವರನ್ನು ಕಾರಿಡಾರಿನಲ್ಲಿ ನಿಲ್ಲಿಸಿದೆ. ಇಡೀ ದಿನ ದುಡಿದರೂ ಒಂದು ಹಾಡೂ ಕೂರಲಿಲ್ಲ. ಸಂಜೆ ಎಲ್ಲ ಮುಗಿಸಿ ವೈರ್ ಸುತ್ತುತ್ತಿದ್ದೆ. ಬಾಸ್ ನುಡಿಸುವವರು ಡ್ರಮ್ ಪಕ್ಕಕ್ಕೆ ಬಂದು ಸುಮ್ನೆ ನುಡಿಸಲು ಶುರು ಮಾಡಿದರು. ಡ್ರಮ್ಮರ್ ಕೋಲಿನ ಬದಲು ಮೆಲ್ಲಗೆ ಸದ್ದು ಮಾಡುವ ತಂತಿಯ ಬ್ರಷ್ ಹಿಡಿದರು. ಪಿಯಾನೊದವರು ಕೋಟು ಹಾಕಿಕೊಂಡೇ ಕೂತರು. ಎರಡು ನಿಮಿಷದಲ್ಲಿ ಕೋಣೆಯ ಗಾಳಿಯೇ ಬದಲಾಯಿತು. ಮೈಕ್‌ಗಳನ್ನೆಲ್ಲ ನಾನು ಆಫ್ ಮಾಡಿಬಿಟ್ಟಿದ್ದೆ. ಮಾರನೇ ದಿನ ಬೆಳಗ್ಗೆ ಅವರು ಹಿಂದಿನ ಸಂಜೆ ನಿಂತಿದ್ದ ಜಾಗಗಳಿಗೇ ಟೇಪ್ ಅಂಟಿಸಿ ಮೈಕ್ ಇಟ್ಟೆ. ಆಲ್ಬಮ್ಮಿನ ಅಷ್ಟೂ ಹಾಡು ಎರಡನೇ ದಿನದ್ದೇ.

ಹಾಗಾದರೆ ಅಭ್ಯಾಸ ಹೇಗೆ? ಮೊದಲ ತಿಂಗಳು ಹೊಸ ಹಾಡು, ಹೊಸ ಅರೇಂಜ್‌ಮೆಂಟ್ ಯಾವುದೂ ಬೇಡ. ವಾರಕ್ಕೆ ಒಂದು ಸಂಜೆ ಯಾರದಾದರೂ ಮನೆಯ ಹಾಲ್‌ನಲ್ಲಿ ಸೇರಿ. ಎಲ್ಲ ಆಂಪ್ಲಿಫೈಯರ್‌ಗಳನ್ನೂ ಕಾರಿನಲ್ಲೇ ಬಿಡಿ. ಬಾಸಿನದ್ದು ಕೂಡ. ಒಂದು ಫೋನನ್ನು ಕೋಣೆಯ ನಡುವೆ, ಎದೆ ಎತ್ತರದಲ್ಲಿ ಸ್ಟ್ಯಾಂಡಿಗೆ ಹಾಕಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಎರಡು ಕೋರಸ್ ನುಡಿಸಿ ರೆಕಾರ್ಡ್ ಮಾಡಿ. ಕೂಡಲೇ ಎಲ್ಲರೂ ಸೇರಿ ಕೇಳಿ.

ಮೊದಲ ದಿನ ಏನು ಕೇಳಿಸುತ್ತದೆ ಅಂತ ನಾನು ಈಗಲೇ ಹೇಳಬಲ್ಲೆ. ಟ್ರಂಪೆಟ್, ಸ್ನೇರ್, ಆಮೇಲೆ ದೂರದಲ್ಲಿ ಪಿಯಾನೊ. ಬಾಸ್ ಇದೆಯೋ ಇಲ್ಲವೋ ಅನ್ನೋ ಹಾಗೆ. ನಿಮ್ಮ ಗಿಟಾರ್ ಇಲ್ಲವೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ. ಈಗ ಜನರನ್ನು ಸರಿಸಲು ಶುರು ಮಾಡಿ. ಟ್ರಂಪೆಟ್ ಫೋನಿನಿಂದ ಮೂರು ಮೀಟರ್ ಹಿಂದೆ ಹೋಗಲಿ, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಲಿ. ಡ್ರಮ್ಮರ್ ಕೋಲು ಕೆಳಗಿಟ್ಟು ಬ್ರಷ್ ಹಿಡಿಯಲಿ. ನೀವು ಮತ್ತು ಬಾಸ್ ಫೋನಿಗೆ ಹತ್ತಿರ ಬನ್ನಿ. ಮತ್ತೆ ನುಡಿಸಿ, ಮತ್ತೆ ಕೇಳಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಇಳಿಯುವುದಿಲ್ಲ, ಆದರೂ ಒಂದು ಹೆಜ್ಜೆ ಹಿಂದೆ ಸರಿದರೆ ಏನಾಗುತ್ತದೆ ಅಂತ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಮೈಕ್ ಒಂದೇ ಇದ್ದ ಕಾಲದಲ್ಲಿ ಎಂಜಿನಿಯರ್‌ಗಳು ಮಾಡುತ್ತಿದ್ದ ಮಿಕ್ಸಿಂಗ್ ಇದೇ. ಜನರೇ ಗುಂಡಿಗಳು.

ಸ್ಥಳ ಬದಲಾಯಿಸಿ ಎಷ್ಟು ಸಾಧ್ಯವೋ ಅಷ್ಟು ಮಾಡಿದ ಮೇಲೆ ಉಳಿದದ್ದು ಕೈಯಿಂದ ಬರಬೇಕು. ಇಲ್ಲಿ ಡ್ರಮ್ಮರ್ ಮೇಲೆ ಜಾಸ್ತಿ ಭಾರ ಬೀಳುತ್ತದೆ. ಬಾಸ್ ಡ್ರಮ್ಮನ್ನು ಆ ಕಾಲದವರು ನಾಲ್ಕೂ ಬೀಟಿಗೆ ನುಡಿಸುತ್ತಿದ್ದರು, ಆದರೆ ಹಕ್ಕಿ ಗರಿ ತಾಗಿದ ಹಾಗೆ. ಅದು ಬೇರೆಯಾಗಿ ಕೇಳಿಸಬಾರದು. ಬಾಸಿನ ಸ್ವರಕ್ಕೆ ಸ್ವಲ್ಪ ಮೈ ಬಂದ ಹಾಗೆ ಅನ್ನಿಸಬೇಕು. ಅದು ಈಗಿನ ಡ್ರಮ್ಮರ್‌ಗಳಿಗೆ ಸುಲಭಕ್ಕೆ ಬರುವುದಿಲ್ಲ, ದಿನಾ ಹತ್ತು ನಿಮಿಷ ಅದೊಂದನ್ನೇ ಮಾಡಬೇಕು. ಬರಲಿಲ್ಲ ಅಂದರೆ ಜೋ ಜೋನ್ಸ್ ಶಿಕಾಗೊದಲ್ಲಿ ಮಾಡಿದ ಹಾಗೆ ಬಿಟ್ಟೇಬಿಡಿ.

ಪಿಯಾನೊ ನುಡಿಸುವವರಿಗೂ ಒಂದು ಮಾತು. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ 1935ರಲ್ಲಿ ರೆಕಾರ್ಡ್ ಮಾಡಿದ ಟ್ರಿಯೊದಲ್ಲಿ (ಮೂವರ ತಂಡದಲ್ಲಿ) ಬಾಸ್ ಇರಲಿಲ್ಲ. ಅದಕ್ಕೇ ಅದರಲ್ಲಿ ಪಿಯಾನೊ ನುಡಿಸಿದ ಟೆಡ್ಡಿ ವಿಲ್ಸನ್ ಅವರ ಎಡಗೈ ಅಷ್ಟು ಕೆಲಸ ಮಾಡುತ್ತದೆ. ನಿಮ್ಮಲ್ಲಿ ಬಾಸ್ ಇದೆ, ಗಿಟಾರ್ ಇದೆ. ಎಡಗೈ ಅದೇ ಕೆಲಸಕ್ಕೆ ಇಳಿದರೆ ಮೂವರೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಆಗುತ್ತದೆ. ಒಂದು ತಿಂಗಳು ಬಲಗೈಯಲ್ಲಿ ಮಾತ್ರ ನುಡಿಸಲು ಹೇಳಿ. ಆಮೇಲೆ ಎಡಗೈ ಬೇಕಾದ ಕಡೆ ತಾನೇ ಬರುತ್ತದೆ.

ನಿಮ್ಮ ಕೈಗೆ ಬರೋಣ. ಆರು ತಂತಿಯ ಪೂರ್ತಿ ಕಾರ್ಡ್ (ಒಟ್ಟಿಗೆ ಹೊಡೆಯುವ ಸ್ವರಗಳ ಗುಂಪು) ಬೇಡ. ಎರಡು ಅಥವಾ ಮೂರು ಸ್ವರ ಸಾಕು, ನಡುವಿನ ತಂತಿಗಳಲ್ಲಿ. ಗ್ರೀನ್ ಎಷ್ಟೋ ಸಲ ನಾಲ್ಕನೇ ತಂತಿಯ ಒಂದು ಸ್ವರ ಮಾತ್ರ ಎದ್ದು ಕೇಳಿಸುವ ಹಾಗೆ ನುಡಿಸುತ್ತಿದ್ದರು. ಹೊಡೆದ ಕೂಡಲೇ ಎಡಗೈ ಸಡಿಲ ಬಿಡಿ, ಸ್ವರ ಅಲ್ಲೇ ನಿಲ್ಲಬೇಕು. ತಂತಿ ದಪ್ಪ ಇರಲಿ, ಆಕ್ಷನ್, ಅಂದರೆ ಕತ್ತಿನಿಂದ ತಂತಿಗಿರುವ ಅಂತರ, ಸ್ವಲ್ಪ ಎತ್ತರ ಇರಲಿ. ಮೊದಲ ಎರಡು ವಾರ ಬೆರಳು ನೋಯುತ್ತದೆ. ಅದು ಸಹಜ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಮೆಟ್ರೊನೋಮ್ ಅನ್ನು (ಟಿಕ್ ಟಿಕ್ ಅಂತ ವೇಗ ಹೇಳುವ ಯಂತ್ರ) ನಿಮಿಷಕ್ಕೆ 90 ಬೀಟಿಗೆ ಇಡಿ, ಅದು ಎರಡನೇ ಮತ್ತು ನಾಲ್ಕನೇ ಬೀಟ್ ಅಂತ ಅಂದುಕೊಂಡು 180ರ ಹಾಡು ನುಡಿಸಿ. ಒಂದು ವಾರ ಆದ ಮೇಲೆ ಮೆಟ್ರೊನೋಮ್ ತೆಗೆದು ಹಾಕಿ. ಈಗ ಡ್ರಮ್ಮರ್ ಪ್ರತಿ ಕೋರಸ್‌ನಲ್ಲಿ ಎಂಟು ಬಾರ್ ಕೈ ಎತ್ತಿ ಸುಮ್ಮನಿರಲಿ. ಉಳಿದವರು ಬೀಟ್ ಹೊತ್ತುಕೊಂಡು ಹೋಗಲಿ. ಆಮೇಲೆ ಬಾಸ್ ಎಂಟು ಬಾರ್ ಸುಮ್ಮನಿರಲಿ. ಆಮೇಲೆ ನೀವು. ಯಾರು ಸುಮ್ಮನಾದಾಗ ಕಾಲಪ್ರಮಾಣ ಓಡುತ್ತದೆ ಅಂತ ಫೋನ್ ರೆಕಾರ್ಡಿಂಗ್ ಹೇಳಿಬಿಡುತ್ತದೆ. ಅವರ ಮೇಲೆ ಉಳಿದವರು ಅಷ್ಟು ಒರಗಿಕೊಂಡಿದ್ದೀರಿ ಅಂತ ಅರ್ಥ. ಕ್ಲಿಕ್ ಇಲ್ಲದೆ ರೆಕಾರ್ಡ್ ಮಾಡಲು ಧೈರ್ಯ ಬರುವುದು ಇದರಿಂದಲೇ. ಹಾಡಿನ ಕೊನೆಗೆ ಟೆಂಪೊ ಎರಡು ಮೂರು ಬೀಟ್ ಏರಿದ್ದರೆ ಹೆದರಬೇಡಿ. ಜನ ಕೇಳಿ ಖುಷಿಪಟ್ಟ ಎಷ್ಟೋ ಹಳೇ ರೆಕಾರ್ಡ್‌ಗಳಲ್ಲಿ ಅದು ಇದೆ. ಸೋಲೊ ಶುರುವಾದ ಕೂಡಲೇ ಧಡಕ್ಕನೆ ಏರಿದರೆ ಮಾತ್ರ ತೊಂದರೆ.

ಎರಡನೇ ತಿಂಗಳು ಹಾಡುಗಳ ಅಳತೆ ನೋಡಿ. ಡ್ಯಾನ್ಸ್ ರಾತ್ರಿ ನೀವು ಒಂದು ಹಾಡನ್ನು ಆರು ಏಳು ನಿಮಿಷ ಎಳೆಯುತ್ತಿರಬಹುದು. ಅಲ್ಲಿ ಅದು ಸರಿ. ಆಲ್ಬಮ್‌ನಲ್ಲಿ ಬೇಡ. ಆ ಕಾಲದ 10 ಇಂಚಿನ ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷವೇ ಹಿಡಿಸುತ್ತಿತ್ತು. ಆ ಇಕ್ಕಟ್ಟಿನಿಂದಲೇ ಈ ಸಂಗೀತಕ್ಕೆ ಅದರ ಆಕಾರ ಬಂತು. ಲೆಕ್ಕ ಹಾಕಿ ನೋಡಿ. 32 ಬಾರ್ ಅಂದರೆ 128 ಬೀಟ್. ನಿಮಿಷಕ್ಕೆ 180 ಬೀಟ್ ವೇಗದಲ್ಲಿ ಒಂದು ಕೋರಸ್ 43 ಸೆಕೆಂಡಿಗೆ ಮುಗಿಯುತ್ತದೆ. ಮೂರು ನಿಮಿಷದಲ್ಲಿ ನಾಲ್ಕು ಕೋರಸ್, ಅಷ್ಟೇ. 120ರ ವೇಗದಲ್ಲಿ ಒಂದು ಕೋರಸ್‌ಗೆ 64 ಸೆಕೆಂಡ್, ಮೂರು ಕೋರಸ್ ಕೂಡ ಪೂರ್ತಿ ಹಿಡಿಸುವುದಿಲ್ಲ. ಹಾಗಾಗಿ ಯಾರಿಗೆ ಎಷ್ಟು ಅಂತ ಮೊದಲೇ ಹಂಚಿಕೊಳ್ಳಬೇಕು. ಒಂದೊಂದು ಹಾಡಿನಲ್ಲಿ ಇಬ್ಬರಿಗಿಂತ ಜಾಸ್ತಿ ಜನಕ್ಕೆ ಸೋಲೊ ಬೇಡ. ಹದಿನಾರು ಬಾರ್ ಕೊಟ್ಟರೆ ಕಮ್ಮಿ ಅಂತ ಯಾರೂ ಅಂದುಕೊಳ್ಳಬಾರದು. ಹದಿನಾರು ಬಾರ್‌ನಲ್ಲಿ ಹೇಳೋದಿದ್ದವರು ಮೊದಲ ಸ್ವರದಿಂದಲೇ ಹೇಳುತ್ತಾರೆ. ಉದ್ದ ಸೋಲೊದಲ್ಲಿ ಮೊದಲ ಕೋರಸ್ ಗಂಟಲು ಸರಿಮಾಡಿಕೊಳ್ಳೋಕೇ ಹೋಗುತ್ತದೆ.

ಸೋಲೊಗಳನ್ನು ಬರೆದಿಟ್ಟುಕೊಳ್ಳಬೇಕಾ ಅಂತ ಟ್ರಂಪೆಟ್‌ನವರು ಕೇಳಬಹುದು. ಬೇಡ. ನಮ್ಮಲ್ಲಿ ಮನೋಧರ್ಮ ಅಂತೀವಲ್ಲ, ಅದನ್ನು ಅಭ್ಯಾಸದಿಂದ ಸಾಯಿಸಬಾರದು. ಆದರೆ ಶುರು ಹೇಗೆ, ಬ್ರಿಡ್ಜ್‌ಗೆ (ಹಾಡಿನ ನಡುವೆ ಬರುವ ಬೇರೆ ಧಾಟಿಯ ಭಾಗ) ಹೇಗೆ ಇಳಿಯೋದು, ಈ ಎರಡು ಜಾಗ ತಲೆಯಲ್ಲಿ ಇರಲಿ. ಸೋಲೊದ ಹಿಂದೆ ಇನ್ನೊಂದು ಊದುವ ವಾದ್ಯ ಸಣ್ಣ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸಾಲು) ಹಿಡಿಯಲಿ. ಕನ್ಸಾಸ್ ಸಿಟಿಯವರು ಕಾಗದ ಇಲ್ಲದೆ ಸ್ಟೇಜ್ ಮೇಲೇ ರಿಫ್ ಕಟ್ಟುತ್ತಿದ್ದರು. ಒಬ್ಬರು ಹಿಡಿದರು, ಪಕ್ಕದವರು ಸೇರಿಕೊಂಡರು, ನಾಲ್ಕು ಬಾರ್‌ನಲ್ಲಿ ಅದೇ ಅರೇಂಜ್‌ಮೆಂಟ್ ಆಯಿತು. ಇಬ್ಬರೇ ಇದ್ದರೂ ಇದು ಆಗುತ್ತದೆ. ಪೆನ್ಸಿಲ್ ಹಿಡಿಯುವ ಮೊದಲು ಹೀಗೇ ಕಟ್ಟಿ ನೋಡಿ, ನಿಮ್ಮ ಬ್ಯಾಂಡಿಗೆ ಮಾತ್ರ ಸೇರಿದ ಮಾತು ಹುಟ್ಟುವುದು ಅಲ್ಲೇ.

ಹತ್ತು ಹಾಡು, ತಲಾ ಮೂರೂವರೆ ನಿಮಿಷ ಅಂದರೆ 35 ನಿಮಿಷ. ಎಲ್‌ಪಿ ಮಾಡಿಸುವ ಯೋಚನೆ ಇದ್ದರೂ ಎರಡು ಬದಿಗೆ ಆರಾಮಾಗಿ ಕೂರುತ್ತದೆ. ಎಲ್ಲ ಹಾಡೂ ಒಂದೇ ವೇಗದಲ್ಲಿ ಇರಬಾರದು. ಡ್ಯಾನ್ಸ್ ಬ್ಯಾಂಡ್‌ಗಳು ಗೊತ್ತಿಲ್ಲದೆ 160ರ ಆಸುಪಾಸಲ್ಲೇ ಸುತ್ತುತ್ತಿರುತ್ತವೆ. ಪಟ್ಟಿ ಮಾಡಿ ಪಕ್ಕದಲ್ಲಿ ಟೆಂಪೊ ಬರೆದರೆ ಕಾಣಿಸುತ್ತದೆ. ಒಂದು ಹಾಡಿನಲ್ಲಿ ಡ್ರಮ್ಮರ್ ಪೂರ್ತಿ ಸುಮ್ಮನಿರಲಿ. ಪ್ಯಾರಿಸ್‌ನಲ್ಲಿ 1934ರಲ್ಲಿ ಗಿಟಾರ್‌ನ ಜಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲಿನ ಸ್ಟೆಫಾನ್ ಗ್ರಾಪೆಲಿ ಕಟ್ಟಿದ ಐದು ಜನರ ತಂಡದಲ್ಲಿ ಡ್ರಮ್ಸ್ ಇರಲೇ ಇಲ್ಲ, ಎರಡು ರಿದಮ್ ಗಿಟಾರ್ ಮತ್ತು ಬಾಸ್ ಎಲ್ಲವನ್ನೂ ಹೊತ್ತವು. ನಿಮ್ಮ ಗಿಟಾರಿಗೂ ಅಂಥ ಒಂದು ಹಾಡು ಬೇಕು.

ಸ್ಟುಡಿಯೊದವರ ಜೊತೆ ಈಗಲೇ ಮಾತಾಡಿ. 'ನಾವು ಒಂದೇ ಕೋಣೆಯಲ್ಲಿ ನುಡಿಸುತ್ತೇವೆ' ಅಂದಾಗ ಕೆಲವು ಎಂಜಿನಿಯರ್‌ಗಳು ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರುತ್ತದೆ ಅಂತ ಹಿಂಜರಿಯುತ್ತಾರೆ. ಸೋರುತ್ತದೆ, ನಿಜ. ಕೋಣೆ ಚೆನ್ನಾಗಿದ್ದು ಬ್ಯಾಂಡ್ ಮೆಲ್ಲಗೆ ನುಡಿಸಿದರೆ ಆ ಸೋರಿಕೆಯೇ ರೆಕಾರ್ಡಿಗೆ ಗಾಳಿ ಕೊಡುತ್ತದೆ. ಅದಕ್ಕೇ ಹೋಗಿ ಕೋಣೆ ನೋಡಿ ಬನ್ನಿ. ನಡುವೆ ನಿಂತು ಚಪ್ಪಾಳೆ ತಟ್ಟಿ. ಟಿಣ್ ಅಂತ ಲೋಹದ ಸದ್ದು ವಾಪಸ್ ಬಂದರೆ ಗೋಡೆಗೆ ಕಂಬಳಿ ಬೇಕು. ಮರದ ನೆಲ, ಎತ್ತರದ ಚಾವಣಿ ಇದ್ದರೆ ನಿಮ್ಮ ಅದೃಷ್ಟ.

ಕೂರುವ ರೀತಿ ಹೀಗಿರಲಿ. ರಿದಮ್‌ನ ನಾಲ್ವರು ಒಬ್ಬರಿಗೊಬ್ಬರು ಎರಡು ಮೀಟರ್ ಒಳಗೆ. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆರು ಮೀಟರ್ ದೂರ ಇದ್ದರೆ 18 ಮಿಲಿಸೆಕೆಂಡ್ ತಡ. ಸ್ವಿಂಗ್ ನುಡಿಸುವ ಕೈಗೆ ಅದು ಗೊತ್ತಾಗುತ್ತದೆ. ಬಾಸ್ ಹೈ-ಹ್ಯಾಟಿನ ಪಕ್ಕ ನಿಲ್ಲಲಿ, ನೀವು ಬಾಸಿನ ಇನ್ನೊಂದು ಪಕ್ಕ ಕೂತುಕೊಳ್ಳಿ. ಊದುವವರಿಬ್ಬರೂ ಎದುರಿಗೆ, ಸ್ವಲ್ಪ ದೂರದಲ್ಲಿ. ರಿಬ್ಬನ್ ಮೈಕ್ ಇದೆಯಾ ಅಂತ ಕೇಳಿ. ಅದು ಮುಂದೆ ಹಿಂದೆ ಎರಡೂ ಕಡೆ ಕೇಳಿಸಿಕೊಳ್ಳುತ್ತದೆ, ಪಕ್ಕಗಳಲ್ಲಿ ಕಿವುಡು. ಆ ಕಿವುಡು ಪಕ್ಕವನ್ನು ಡ್ರಮ್ ಕಡೆ ತಿರುಗಿಸಿ ನಿಮ್ಮ ಗಿಟಾರಿಗೆ ಇಟ್ಟರೆ ಡ್ರಮ್ಸ್ ಅರ್ಧದಷ್ಟೂ ಒಳಗೆ ಬರುವುದಿಲ್ಲ. ಟ್ರಂಪೆಟ್‌ನ ಚುರುಕನ್ನೂ ರಿಬ್ಬನ್ ಸ್ವಲ್ಪ ಮೆತ್ತಗೆ ಮಾಡುತ್ತದೆ. ಗಿಟಾರ್ ಮೈಕ್ ಕತ್ತು ದೇಹಕ್ಕೆ ಸೇರುವ ಜಾಗದ ಎದುರು ಒಂದು ಗೇಣು ದೂರ ಇರಲಿ. ಬಾಸಿಗೆ ತಂತಿಗಳನ್ನು ಹೊತ್ತ ಕುದುರೆಯ ಎದುರು ಒಂದು ಮೈಕ್, ಜೊತೆಗೆ ಪಿಕಪ್ (ವಾದ್ಯಕ್ಕೇ ಅಂಟಿಸಿದ ಸದ್ದು ಹಿಡಿಯುವ ಸಾಧನ) ಲೈನನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಳಸುವ ಅಗತ್ಯ ಬೀಳದಿರಲಿ.

ಹಾಡುವಾಗ ಮಾತ್ರ ಕಷ್ಟ, ಪಿಯಾನೊ ನುಡಿಸುತ್ತಲೇ ಹಾಡುವವರಿಗೆ ಇನ್ನೂ ಕಷ್ಟ. ಬಾಯಿಗೆ ಹತ್ತಿರ ಒಂದು ಮೈಕ್ ಇಟ್ಟು ಎಲ್ಲರ ಜೊತೆಗೇ ಹಾಡಿಸಿ. ಆಮೇಲೆ ಬೇರೆಯಾಗಿ ಹಾಡಿಸುತ್ತೇನೆ ಅಂದರೆ ಪಿಯಾನೊ ಮೈಕಿನಲ್ಲಿ ಹಳೇ ಹಾಡು ನೆರಳಿನ ಹಾಗೆ ಉಳಿದಿರುತ್ತದೆ.

ಒಂದೇ ಕೋಣೆಯಲ್ಲಿ ನುಡಿಸಿದ ಮೇಲೆ ಒಬ್ಬರ ತಪ್ಪು ಸ್ವರವನ್ನು ಕಿತ್ತು ಬೇರೆ ಹಾಕಲು ಆಗುವುದಿಲ್ಲ. ಆದರೆ ಒಂದು ಟೇಕಿನ (ಹಾಡನ್ನು ಒಮ್ಮೆ ಪೂರ್ತಿ ರೆಕಾರ್ಡ್ ಮಾಡಿದ್ದು) ಮೊದಲ ಎರಡು ಕೋರಸ್, ಇನ್ನೊಂದು ಟೇಕಿನ ಕೊನೆಯ ಎರಡು ಕೋರಸ್, ಹೀಗೆ ಇಡೀ ಬ್ಯಾಂಡನ್ನೇ ಕತ್ತರಿಸಿ ಜೋಡಿಸಬಹುದು. ಅದಕ್ಕೆ ಎರಡು ಟೇಕಿನ ಟೆಂಪೊ ಒಂದೇ ಇರಬೇಕು. ಹಾಗಾಗಿ ಪ್ರತಿ ಟೇಕಿನ ಮೊದಲು ಮೆಟ್ರೊನೋಮ್ ಎರಡು ಬಾರ್ ಕೇಳಿ, ಆಫ್ ಮಾಡಿ, ಎಣಿಸಿ ಶುರು ಮಾಡಿ. ಎಣಿಸುವವರು ಎರಡೂ ದಿನ ಒಬ್ಬರೇ ಆಗಿರಲಿ. ಎಣಿಸುವ ಮೊದಲು ಅವರು ಮನಸ್ಸಿನಲ್ಲಿ ಬ್ರಿಡ್ಜ್ ಹಾಡಿಕೊಳ್ಳಲಿ. ಹಾಡಿನ ಮೊದಲ ಸಾಲಿಗಿಂತ ಬ್ರಿಡ್ಜ್‌ನಲ್ಲೇ ಸರಿಯಾದ ವೇಗ ಬೇಗ ಸಿಗುತ್ತದೆ.

ಮೂರನೇ ತಿಂಗಳು ಪಟ್ಟಿಯ ಹಾಡುಗಳನ್ನು ಇದೇ ಕೂರುವ ಕ್ರಮದಲ್ಲಿ, ಇದೇ ಎಣಿಕೆಯಲ್ಲಿ, ಟೇಕ್ ಅಂದುಕೊಂಡೇ ನುಡಿಸಿ. ಸ್ಟುಡಿಯೊದ ಎರಡು ದಿನದ ಬಗ್ಗೆ ಹೇಳೋದು ಕಮ್ಮಿ. ಪಿಯಾನೊ ಟ್ಯೂನ್ ಮಾಡುವವರು ಎರಡೂ ದಿನ ಬೆಳಗ್ಗೆ ಬರಲಿ. ಆ ಖರ್ಚನ್ನು ಉಳಿಸಬೇಡಿ. ಊದುವವರು ಕೊಳವೆ ಬೆಚ್ಚಗಾದ ಮೇಲೆ ಶ್ರುತಿ ಮತ್ತೆ ನೋಡಿಕೊಳ್ಳಲಿ. ನೀವು ತಂತಿಯನ್ನು ಮೂರು ದಿನ ಮೊದಲೇ ಬದಲಾಯಿಸಿ. ಮೊದಲ ಹಾಡು ನಿಮಗೆ ಅತಿ ಸುಲಭದ್ದು ಆಗಿರಲಿ, ಹೋದರೂ ಬೇಜಾರಾಗದ್ದು. ಟ್ರಂಪೆಟ್ ಎತ್ತರಕ್ಕೆ ಹೋಗುವ ಹಾಡುಗಳನ್ನು ಊಟಕ್ಕೆ ಮೊದಲೇ ಮುಗಿಸಿ, ತುಟಿಗೆ ಅಷ್ಟೇ ಆಯಸ್ಸು. ನಿಧಾನದ ಹಾಡು ಸಂಜೆಗೆ. ಒಂದು ಹಾಡಿಗೆ ಮೂರು ಟೇಕ್. ಬರಲಿಲ್ಲ ಅಂದರೆ ಬೇರೆ ಹಾಡಿಗೆ ಹೋಗಿ, ನಾಳೆ ಮತ್ತೆ ನೋಡಿ. ನಾಲ್ಕು, ಐದು, ಆರನೇ ಟೇಕ್ ತಪ್ಪಿಲ್ಲದೆ ಬರುತ್ತದೆ, ಅದು ನಿಮ್ಮ ಡೆಮೊದ ಹಾಗೆಯೇ ಇರುತ್ತದೆ.

ಹಕ್ಕಿನ ವಿಷಯ ಚುಟುಕಾಗಿ. ಅಮೆರಿಕದಲ್ಲಿ 1930ರವರೆಗೆ ಪ್ರಕಟವಾದ ರಚನೆಗಳು 2026ರ ಜನವರಿ 1ರ ಹೊತ್ತಿಗೆ ಸಾರ್ವಜನಿಕ ಸ್ವತ್ತು. 'ಓ ಲೇಡಿ ಬಿ ಗುಡ್' 1924ರದ್ದು, ಹಾಗಾಗಿ ಅದಕ್ಕೆ ಅಲ್ಲಿ ಯಾರ ಅನುಮತಿಯೂ ಬೇಡ. ಆಮೇಲಿನ ಹಾಡುಗಳಿಗೆ ಮೆಕ್ಯಾನಿಕಲ್ ಲೈಸೆನ್ಸ್ (ಬೇರೆಯವರ ರಚನೆಯನ್ನು ರೆಕಾರ್ಡ್ ಮಾಡಿ ಹೊರತರುವ ಅನುಮತಿ) ಬೇಕು. ಸಿಡಿ, ಎಲ್‌ಪಿ ಮುದ್ರಿಸುವ ಮೊದಲೇ ಮಾಡಿಸಿಕೊಳ್ಳಿ. ಬೇರೆ ದೇಶಗಳ ಲೆಕ್ಕ ಬೇರೆ. ಭಾರತದಲ್ಲಿ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ನಿಮ್ಮ ಆರು ಜನರ ನಡುವೆ ಯಾರಿಗೆ ಎಷ್ಟು ಪಾಲು ಅಂತ ಕಾಗದದ ಮೇಲೆ ಬರೆದು ಸಹಿ ಮಾಡಿ. ಯಾವುದೇ ಕಂಪನಿ ಕಾಗದ ಕೊಟ್ಟರೆ ಪೂರ್ತಿ ಓದಿ. ಬೇಸಿ ಸಹಿ ಹಾಕಿದ ಆ ಮೊದಲ ಒಪ್ಪಂದದಲ್ಲಿ 24 ಹಾಡುಗಳಿಗೆ 750 ಡಾಲರ್ ಇತ್ತು, ರಾಯಲ್ಟಿ ಇರಲಿಲ್ಲ. ಅವರ ಜೀವನದ ಅತಿ ದೊಡ್ಡ ಹಾಡುಗಳಲ್ಲಿ ಕೆಲವು ಅದರೊಳಗೇ ಹೋದವು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಮಿಕ್ಸಿಂಗ್‌ನಲ್ಲಿ ಜಾಸ್ತಿ ಕೈಯಾಡಿಸಲು ಬಿಡಬೇಡಿ. ಮಾಸ್ಟರಿಂಗ್ (ಹೊರತರುವ ಮೊದಲಿನ ಕೊನೆಯ ಹದ) ಮಾಡುವವರಿಗೆ ಜೋರು ಮಾಡಬೇಡಿ ಅಂತ ಮೊದಲೇ ಹೇಳಿ. ಸ್ಪಾಟಿಫೈ ಹೇಗೂ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರು ಅಳೆಯುವ ಮಾನ) ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಹಿಂಡಿ ಜೋರು ಮಾಡಿದ ಹಾಡು ಅಲ್ಲಿ ಸಪ್ಪೆಯಾಗಿಬಿಡುತ್ತದೆ, ನೀವು ಮೂರು ತಿಂಗಳು ಕಲಿತ ಮೆಲುದನಿಯೂ ಅದರ ಜೊತೆ ಹೋಗುತ್ತದೆ. ಎಲ್‌ಪಿ ಮಾಡಿಸಿದರೆ ನಿಧಾನದ ಹಾಡನ್ನು ಬದಿಯ ಕೊನೆಗೆ ಇಡಿ. ಒಳಗಿನ ಸುತ್ತುಗಳಲ್ಲಿ ಸಿಂಬಲ್, ಟ್ರಂಪೆಟ್‌ಗಳ ಮೇಲಿನ ಸದ್ದು ಮಂಕಾಗುತ್ತದೆ.

ಟೇಕ್ ಆರಿಸುವ ಕೆಲಸ ಉಳಿಯಿತು. ಸ್ಟುಡಿಯೊದಲ್ಲೇ ಆರಿಸಬೇಡಿ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತಪ್ಪು ಸ್ವರವನ್ನೇ ಕೇಳುತ್ತಿರುತ್ತಾರೆ. ಎರಡು ವಾರ ಬಿಡಿ. ಆಮೇಲೆ ಆ ಗೆಳತಿಯನ್ನು ಮನೆಗೆ ಕರೆಯಿರಿ, ಅವರ ಜೊತೆ ಕುಣಿಯುವವರನ್ನೂ. ಚಾಪೆ ಸುತ್ತಿ ಪಕ್ಕಕ್ಕಿಡಿ. ಪ್ರತಿ ಹಾಡಿನ ಟೇಕ್‌ಗಳನ್ನು ಒಂದಾದ ಮೇಲೊಂದು ಹಾಕಿ, ಯಾವುದು ಯಾವ ನಂಬರಿನದು ಅಂತ ಹೇಳಬೇಡಿ. ನೀವು ಗೋಡೆಗೆ ಒರಗಿ ಅವರ ಕಾಲು ನೋಡುತ್ತಾ ನಿಂತುಕೊಳ್ಳಿ, ಕೈಯಲ್ಲಿ ಪೆನ್ನು ಇರಲಿ.